ಹಳೇ ಡೆಸ್ಕ್‌ಟಾಪ್‌ನಲ್ಲಿ ಮಾಡ್ ಹಾಕಿದ ಮೈನ್‌ಕ್ರಾಫ್ಟ್: ಏದುಸಿರು ಎಲ್ಲಿಂದ ಎಂದು ಪತ್ತೆ ಹಚ್ಚುವುದು ಹೇಗೆ?

ತುಮಕೂರಿನಲ್ಲಿರುವ ಅಕ್ಕನ ಮಗ ಬೇಸಿಗೆ ರಜೆಯಲ್ಲಿ ಫೋನ್ ಮಾಡಿದ. ‘ಮಾಮ, ನಮ್ಮನೆ ಕಂಪ್ಯೂಟರಲ್ಲಿ ಆರ್‌ಎಲ್‌ಕ್ರಾಫ್ಟ್ ಓಡುತ್ತಾ?’ ಅವರ ಮನೆಯದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಆಫೀಸ್ ಡೆಸ್ಕ್‌ಟಾಪ್. 2012ರ ಇಂಟೆಲ್ ಐ5-3470 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ‘ಹೊಸದೇ ತಗೊಂಡ್ರೆ ಎಷ್ಟಾಗುತ್ತೆ ಕೇಳೋ’ ಎಂದು ಭಾವ ಹಿಂದಿನಿಂದ ಹೇಳಿದ್ದೂ ಕೇಳಿಸಿತು.

ಸ್ವಲ್ಪ ತಡೀರಿ ಎಂದೆ. ಮೈನ್‌ಕ್ರಾಫ್ಟ್ ಎಂದರೆ ಬ್ಲಾಕ್ ಎಂಬ ಘನಾಕಾರದ ತುಂಡುಗಳಿಂದಾದ ಲೋಕದಲ್ಲಿ ಆಡುವ ಆಟ. ಮಾಡ್ ಎಂದರೆ ಆಟಗಾರರೇ ಬರೆದು ಮೂಲ ಆಟಕ್ಕೆ ಅಂಟಿಸುವ ಹೆಚ್ಚುವರಿ ತುಣುಕು. ಅಂಥವು ನೂರಕ್ಕೂ ಹೆಚ್ಚು ಸೇರಿದ ಗಂಟೇ (ಮಾಡ್‌ಪ್ಯಾಕ್) ಆರ್‌ಎಲ್‌ಕ್ರಾಫ್ಟ್. ಅದರಲ್ಲಿ ಡ್ರ್ಯಾಗನ್ ಇದೆ, ಬಾಯಾರಿಕೆ ಇದೆ, ಚಳಿ–ಸೆಕೆಯ ಲೆಕ್ಕವೂ ಇದೆ. ಹಳೇ ಯಂತ್ರಕ್ಕೆ ಇದು ಭಾರವೇ. ಆದರೆ ಭಾರ ಬೀಳುವುದು ರ‍್ಯಾಮ್ ಮೇಲೋ, ಪ್ರೊಸೆಸರ್ ಮೇಲೋ, ಗ್ರಾಫಿಕ್ಸ್ ಮೇಲೋ ಎಂದು ತಿಳಿಯದೆ ಅಂಗಡಿಗೆ ಹೋದರೆ ಅಂಗಡಿಯವರು ತಮ್ಮಲ್ಲಿ ಇರುವುದನ್ನು ಮಾರುತ್ತಾರೆ.

ಮೊದಲು ಆವೃತ್ತಿ ನೋಡಿ

ಮಾಡ್‌ಪ್ಯಾಕ್‌ನ ಹೆಸರಿಗಿಂತ ಅದು ಮೈನ್‌ಕ್ರಾಫ್ಟ್ ಜಾವಾದ ಯಾವ ಆವೃತ್ತಿಯ ಮೇಲೆ ನಿಂತಿದೆ ಎಂಬುದು ಮುಖ್ಯ. ಆರ್‌ಎಲ್‌ಕ್ರಾಫ್ಟ್ ಇರುವುದು 2017ರ 1.12.2 ಮೇಲೆ. ಆಗ ಆಟದ ಲೋಕದ ಎತ್ತರ 256 ಬ್ಲಾಕ್. 1.18ರಲ್ಲಿ ಅದು 384 ಆಯಿತು. ಅಂದರೆ ಅಷ್ಟೇ ದೂರ ಕಂಡರೂ ಕಂಪ್ಯೂಟರ್ ಲೆಕ್ಕ ಇಡಬೇಕಾದ ಜಾಗ ಒಂದೂವರೆ ಪಟ್ಟು. 1.17ರಿಂದ ಈಚೆಗೆ, ಆಟ ಗ್ರಾಫಿಕ್ಸ್‌ಗೆ ಚಿತ್ರ ಬಿಡಿಸಲು ಹೇಳುವ ಭಾಷೆಯಾದ ಓಪನ್‌ಜಿಎಲ್ 3.2 ಕೂಡ ಬೇಕು. 2011ರ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್‌ಗೆ ವಿಂಡೋಸ್‌ನಲ್ಲಿ ಸಿಗುವುದು 3.1 ಮಾತ್ರ. ಅಂಥ ಯಂತ್ರದಲ್ಲಿ ಎಷ್ಟು ರ‍್ಯಾಮ್ ತುಂಬಿದರೂ ಹೊಸ ಆವೃತ್ತಿ ತೆರೆದುಕೊಳ್ಳುವುದಿಲ್ಲ. ನಮ್ಮ ಹುಡುಗನ ಯಂತ್ರದ ಎಚ್‌ಡಿ 2500 ಹೆಸರಿನಲ್ಲಿ ಚಿಕ್ಕದಾದರೂ ಒಂದು ತಲೆಮಾರು ಈಚಿನದು, ಈ ವಿಷಯದಲ್ಲಿ ಬಚಾವ್.

ರ‍್ಯಾಮ್ ಲೆಕ್ಕ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಆಟ ಶುರು ಮಾಡುವ ಮೊದಲೇ ಎಷ್ಟು ಖರ್ಚಾಗಿದೆ ಎಂದು ಬರೆದುಕೊಳ್ಳಿ. 4 ಜಿಬಿ ಯಂತ್ರದಲ್ಲಿ ವಿಂಡೋಸ್ 10 ಒಂದೇ ಹತ್ತಿರ ಹತ್ತಿರ 2 ಜಿಬಿ ನುಂಗಿ ಕೂತಿರುತ್ತದೆ. ಬ್ರೌಸರ್ ತೆರೆದಿದ್ದರೆ ಕೇಳಲೇಬೇಡಿ. ಬೇರೆ ಕಾರ್ಡ್ ಇಲ್ಲದ ಕಡೆ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತದೆ.

ಅದೇ ಪುಟದ ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲು ಇದೆ. ಅಕ್ಕನ ಮಗ ಓದಿ ಹೇಳಿದ: ‘4ರಲ್ಲಿ 1.’ ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಒಂದೇ ಸ್ಟಿಕ್ ಇದೆ ಎಂದರೆ ಜಾಗ ಕಡಿಮೆ ಎಂಬುದಷ್ಟೇ ಅಲ್ಲ, ದಾರಿಯೂ ಕಿರಿದು. 1600 ವೇಗದ ಒಂದು ಡಿಡಿಆರ್3 ಸ್ಟಿಕ್ ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು. ಜೋಡಿ ಸ್ಲಾಟ್‌ನಲ್ಲಿ ಎರಡು ಸ್ಟಿಕ್ ಕೂತರೆ 25.6. ಒಳಗಿನ ಗ್ರಾಫಿಕ್ಸ್‌ಗೆ ಇದೇ ಹೆದ್ದಾರಿ, ಆದ್ದರಿಂದ ರ‍್ಯಾಮ್ ಹಾಕಿದರೆ ಚಿತ್ರವೂ ಚುರುಕಾಗುತ್ತದೆ.

ಇನ್ನೊಂದು ಸೂಕ್ಷ್ಮ. ಮೈನ್‌ಕ್ರಾಫ್ಟ್ ಲಾಂಚರ್ (ಆಟ ತೆರೆಯುವ ತಂತ್ರಾಂಶ) ತಾನಾಗಿ ಆಟಕ್ಕೆ ಕೊಡುವುದು 2 ಜಿಬಿ. ಆರ್‌ಎಲ್‌ಕ್ರಾಫ್ಟ್‌ಗೆ ಅದು ಸಾಲದು, 4 ಬೇಕು. ಒಟ್ಟು ಇರುವುದೇ 4 ಆದಾಗ ಅಷ್ಟನ್ನೂ ಆಟಕ್ಕೆ ಕೊಟ್ಟರೆ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸಲು ಹೋಗಿ ಎಲ್ಲವೂ ತೆವಳುತ್ತದೆ. ಒಟ್ಟು 8 ಇದ್ದರೆ ಆಟಕ್ಕೆ 4 ಕೊಡಿ, ಉಳಿದದ್ದು ಉಳಿದವರಿಗೆ. 1.12.2ಕ್ಕೆ ಆಟವನ್ನು ಓಡಿಸುವ ಜಾವಾ ತಂತ್ರಾಂಶದ 8ನೇ ಆವೃತ್ತಿ ಬೇಕು, ಅದೂ 64 ಬಿಟ್‌ನದು. ಎಂದೋ ಹಾಕಿದ 32 ಬಿಟ್ ಜಾವಾದಲ್ಲಿ ಆಟ ಓಡುತ್ತಿದ್ದರೆ ಒಂದೂವರೆ ಜಿಬಿ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆಟದೊಳಗೆ ಎಫ್3 ಒತ್ತಿದರೆ ಬಲಗಡೆ ಮೇಲಿನ ಸಾಲಿನಲ್ಲೇ ಜಾವಾ ಆವೃತ್ತಿ, ಬಿಟ್ ಎರಡೂ ಕಾಣುತ್ತವೆ.

ರೋಗ ಲಕ್ಷಣ

ಎಲ್ಲರೂ ‘ಲ್ಯಾಗ್ ಆಗ್ತಿದೆ’ ಎನ್ನುತ್ತಾರೆ. ಡಾಕ್ಟರ ಹತ್ತಿರ ಹೋಗಿ ‘ಹುಷಾರಿಲ್ಲ’ ಎಂದಷ್ಟೇ ಹೇಳಿದ ಹಾಗೆ. ನಿಜವಾಗಿ ಏನಾಗುತ್ತಿದೆ ಎಂದು ನೋಡಬೇಕು.

ಮೌಸ್ ಆಡಿಸಿದಾಗ ನೋಟವೇ ತುಂಡು ತುಂಡಾಗಿ ತಿರುಗಿದರೆ ಗ್ರಾಫಿಕ್ಸ್ ಮೇಲೆ ಅನುಮಾನ. ಖಚಿತ ಮಾಡಿಕೊಳ್ಳಲು ಸುಲಭ ಉಪಾಯವಿದೆ. ಆಟದ ಕಿಟಕಿಯನ್ನು ಎಳೆದು ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಕುಗ್ಗಿಸಿ, ಎಫ್3 ಒತ್ತಿ ಎಡಗಡೆಯ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ನೋಡಿ. ಸಂಖ್ಯೆ ಜಿಗಿದು ಏರಿದರೆ ತಪ್ಪು ಗ್ರಾಫಿಕ್ಸ್‌ನದು. ಕದಲದಿದ್ದರೆ ಪ್ರೊಸೆಸರ್‌ನದು.

ನೋಟ ನುಣುಪಾಗಿ ತಿರುಗುತ್ತದೆ, ಆದರೆ ಒಡೆದ ಬ್ಲಾಕ್ ಮತ್ತೆ ಬಂದು ಕೂರುತ್ತದೆ, ಹೊಡೆದ ಹಂದಿ ಎರಡು ಸೆಕೆಂಡ್ ಬಿಟ್ಟು ಬೀಳುತ್ತದೆ ಎಂದರೆ ಸಮಸ್ಯೆ ಬೇರೆ. 2012ರ 1.3 ಆವೃತ್ತಿಯಿಂದ ಈಚೆಗೆ ಒಬ್ಬನೇ ಆಡಿದರೂ ಆಟದ ಒಳಗೆ ಒಂದು ಸರ್ವರ್ ಓಡುತ್ತಿರುತ್ತದೆ. ಅದು ಸೆಕೆಂಡಿಗೆ 20 ಸಲ ಲೋಕದ ಲೆಕ್ಕ ಮುಗಿಸಬೇಕು, ಒಂದು ಸುತ್ತಿಗೆ 50 ಮಿಲಿಸೆಕೆಂಡ್. ಈ ಕೆಲಸದ ಬಹುಪಾಲು ಒಂದೇ ಕೋರ್‌ನ ಹೆಗಲ ಮೇಲೆ. ಹಾಗಾಗಿ ನಾಲ್ಕು ಕೋರ್‌ನ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ‘30%’ ಎಂದು ನೆಮ್ಮದಿಯಿಂದ ತೋರಿಸುತ್ತಿದ್ದರೂ ಒಳಗೆ ಆಟಕ್ಕೆ ಉಸಿರು ಕಟ್ಟಿರಬಹುದು. ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಫೋರ್ಜ್ ಎಂಬ ತಂತ್ರಾಂಶದ ಮೇಲೆ ನಿಂತ ಪ್ಯಾಕ್ ಆದರೆ ಚಾಟ್‌ನಲ್ಲಿ ಓರೆಗೆರೆ ಹಾಕಿ ‘ಫೋರ್ಜ್ ಟಿಪಿಎಸ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಒಂದು ಸುತ್ತಿಗೆ 50ಕ್ಕಿಂತ ಹೆಚ್ಚು ಮಿಲಿಸೆಕೆಂಡ್ ತೋರಿಸಿದರೆ ಪ್ರೊಸೆಸರ್ ಸೋತಿದೆ ಎಂದರ್ಥ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ತಂದರೆ ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದಂತೆ.

ಚೆನ್ನಾಗಿ ಓಡುತ್ತಾ ಆಗಾಗ ಒಂದೆರಡು ಸೆಕೆಂಡ್ ಕಲ್ಲಾಗಿ ನಿಂತು ಮತ್ತೆ ಓಡಿದರೆ ಮೆಮೊರಿ. ಆಗ ಹಾರ್ಡ್ ಡಿಸ್ಕಿನ ಕೆಂಪು ದೀಪ ಬಿಡದೆ ಉರಿಯುತ್ತಿದ್ದರಂತೂ ಅನುಮಾನವೇ ಬೇಡ. ಹತ್ತು ನಿಮಿಷ ಸರಿಯಿದ್ದು ಆಮೇಲೆ ನಿಧಾನ ಆದರೆ ಶಾಖ: ಡಬ್ಬಿ ತೆಗೆದು ಫ್ಯಾನಿನ ದೂಳು ಹೊಡೆಯಿರಿ, ಆಮೇಲೆ ಮಾತಾಡೋಣ.

ಖರ್ಚಿಲ್ಲದ ಕೆಲಸ, ಆಮೇಲೆ ಖರ್ಚು

ಮೊದಲು ರೆಂಡರ್ ಡಿಸ್ಟೆನ್ಸ್, ಅಂದರೆ ಸುತ್ತ ಎಷ್ಟು ದೂರದವರೆಗೆ ಲೋಕ ಕಾಣಬೇಕು ಎಂಬ ಸೆಟ್ಟಿಂಗ್. ಇದು ಗೆರೆಯಲ್ಲ, ಚೌಕ. 12 ಇಟ್ಟರೆ ಸುತ್ತ 625 ಚಂಕ್ (ಲೋಕದ ಚೌಕ ತುಂಡು), 8ಕ್ಕೆ 289, 6ಕ್ಕೆ 169. ಹನ್ನೆರಡರಿಂದ ಆರಕ್ಕೆ ಇಳಿಸಿದರೆ ಕೆಲಸ ಅರ್ಧವಲ್ಲ, ಕಾಲು ಭಾಗಕ್ಕೆ ಬರುತ್ತದೆ. ಮೋಡ, ನೆರಳು, ಕಣಗಳು ಎಲ್ಲ ಬಂದ್. 1.12.2ಕ್ಕೆ ಆಟವನ್ನು ಹಗುರ ಮಾಡುವ ಆಪ್ಟಿಫೈನ್ ಮಾಡ್ ಹಾಕಿಕೊಳ್ಳಿ. ಹೊಸ ಆವೃತ್ತಿಗಳಿಗಾದರೆ ಸೋಡಿಯಂ ಮತ್ತು ರ‍್ಯಾಮ್ ಉಳಿಸುವ ಫೆರೈಟ್‌ಕೋರ್ ಇವೆ. ಬೆಳಕು–ನೆರಳಿನ ಅಂದ ಹೆಚ್ಚಿಸುವ ಶೇಡರ್ ಸುದ್ದಿಗೆ ಹೋಗಬೇಡಿ. ಯಾವುದೇ ಮಾಡ್ ಕಿತ್ತುಹಾಕುವ ಮೊದಲು ‘ಸೇವ್ಸ್’ ಫೋಲ್ಡರ್ ನಕಲು ಮಾಡಿಡಿ. ಕಿತ್ತ ಮಾಡ್‌ನ ಬ್ಲಾಕ್‌ಗಳಿಂದ ಕಟ್ಟಿದ ಮನೆ ಇದ್ದರೆ ಮಾಡ್ ಜೊತೆ ಅದೂ ಮಾಯ.

ದುಡ್ಡು ಹಾಕುವುದಾದರೆ ನನ್ನ ಪ್ರಕಾರ ಮೊದಲ ಸ್ಥಾನ ಎರಡನೇ ರ‍್ಯಾಮ್ ಸ್ಟಿಕ್‌ಗೆ. ಇರುವ ಸ್ಟಿಕ್‌ನ ಫೋಟೊ ಅಂಗಡಿಯಲ್ಲಿ ತೋರಿಸಿ, ಅದೇ ವೇಗದ್ದು ಕೇಳಿ. ಲ್ಯಾಪ್‌ಟಾಪ್ ಆದರೆ ಡಿಡಿಆರ್3ಎಲ್ ಬೇಕೇ ಎಂದು ನೋಡಿ. ಅದು 1.35 ವೋಲ್ಟ್‌ನದು, ಸಾದಾ 1.5 ವೋಲ್ಟ್‌ನ ಸ್ಟಿಕ್ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಏಳುವುದೇ ಇಲ್ಲ. ನಂತರ ಹಾರ್ಡ್ ಡಿಸ್ಕ್ ಬದಲಿಗೆ ವೇಗದ ಎಸ್‌ಎಸ್‌ಡಿ. ಇದರಿಂದ ಎಫ್‌ಪಿಎಸ್ ಏರದು, ಆದರೆ ಆಟ ತೆರೆಯುವಷ್ಟರಲ್ಲಿ ಕುಕ್ಕರ್ ಕೂಗಿ ಅನ್ನ ಆಗುವ ಪರಿಸ್ಥಿತಿ ತಪ್ಪುತ್ತದೆ.

ಕಿಟಕಿ ಕುಗ್ಗಿಸುವ ಪರೀಕ್ಷೆಯಲ್ಲಿ ಗ್ರಾಫಿಕ್ಸೇ ತಪ್ಪಿತಸ್ಥ ಎಂದಾದರೆ ಮಾತ್ರ ಕಾರ್ಡ್. ಆಫೀಸ್ ಡಬ್ಬಿಗಳ ಪವರ್ ಸಪ್ಲೈ ಸಣ್ಣದು, ಜಾಗವೂ ಕಡಿಮೆ. ಅರ್ಧ ಎತ್ತರದ, 30 ವಾಟ್‌ನ ಜಿಟಿ 1030 ಅಲ್ಲಿ ಹೊಂದುತ್ತದೆ. ಆದರೆ ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ: ಜಿಡಿಡಿಆರ್5 ಇರುವುದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದು 17 ಜಿಬಿ ಕೂಡ ಇಲ್ಲ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿಯೇ ಕೊಳ್ಳಿ.

ನಮ್ಮ ಹುಡುಗ ತಂದದ್ದು 4 ಜಿಬಿ ಸ್ಟಿಕ್ ಒಂದೇ. ರೆಂಡರ್ ಡಿಸ್ಟೆನ್ಸ್ 6, ಎಫ್‌ಪಿಎಸ್ ಮೂವತ್ತರ ಮೇಲೆ. ಮೊದಲ ದಿನವೇ ಡ್ರ್ಯಾಗನ್ ಬಾಯಿಗೆ ಬಿದ್ದನಂತೆ, ಆದರೆ ಅದು ಕಂಪ್ಯೂಟರ್‌ನ ತಪ್ಪಲ್ಲ. ವಾರ ಕಳೆದ ಮೇಲೆ ಮತ್ತೆ ಫೋನ್: ‘ಮಾಮ, ಆಲ್ ದ ಮಾಡ್ಸ್ 9?’ ಆ ಮಾಡ್‌ಪ್ಯಾಕ್ 1.20.1 ಮೇಲೆ ನಿಂತದ್ದು, ಮಾಡ್‌ಗಳು ಸುಮಾರು ನಾಲ್ಕು ನೂರು, ಆಟಕ್ಕೇ 8 ಜಿಬಿ ಬೇಕು. ಬೇಡ ಎಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಲಿನಕ್ಸ್ ಹಾಕಿಕೊಂಡು ಆರ್‌ಎಲ್‌ಕ್ರಾಫ್ಟ್ ಇನ್ನೂ ಕೆಲವು ವರ್ಷ ಆಡಬಹುದು, ಆದರೆ ಈ ಡಬ್ಬಿಗೆ ಇನ್ನೂ 8 ಜಿಬಿ ಡಿಡಿಆರ್3 ಸುರಿಯುವ ದುಡ್ಡನ್ನು ಭಾವನ ಕೈಯಲ್ಲೇ ಇರಲು ಬಿಡು ಎಂದೆ.