ಹಳೆಯ ಅಮೆರಿಕನ್ ಸೆಂಟ್ ಕೊಳ್ಳುವ ಮುನ್ನ: ಮೊದಲು ತೂಕ, ಕೊನೆಗೆ ಇಸವಿ

ಅಮೆರಿಕದ ಆರಂಭಕಾಲದ ತಾಮ್ರದ ಸೆಂಟ್ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಇಸವಿಯ ಮೇಲೆ ಬೀಳುತ್ತದೆ. ನಕಲಿ ಮಾಡುವವರಿಗೂ ಇದು ಚೆನ್ನಾಗಿ ಗೊತ್ತಿರುವುದರಿಂದ ಇಸವಿಯನ್ನು ಕೊನೆಗೆ ನೋಡುವುದೇ ಕ್ಷೇಮ.

ಮೊದಲು ನಾಣ್ಯವನ್ನು ಅಕ್ಕಸಾಲಿಗರು ಬಳಸುವಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಫಿಲಡೆಲ್ಫಿಯಾದ ಟಂಕಸಾಲೆ 1793ರಲ್ಲಿ ಸೆಂಟ್ ಅಚ್ಚು ಹಾಕತೊಡಗಿದಾಗ ಅದರ ನಿಗದಿತ ತೂಕ 13.48 ಗ್ರಾಂ ಇತ್ತು. ತಾಮ್ರ ತುಟ್ಟಿಯಾದ್ದರಿಂದ 1795ರ ಕೊನೆಯಲ್ಲಿ ಅದನ್ನು 10.89 ಗ್ರಾಂಗೆ ಇಳಿಸಲಾಯಿತು. ಸವೆತದಿಂದ ತುಸು ಕಡಿಮೆಯಾಗಿರಬಹುದು, ಆದರೆ ಹೆಚ್ಚು ವ್ಯತ್ಯಾಸ ಕಂಡರೆ ಅನುಮಾನಿಸಲೇಬೇಕು.

ಬಳಿಕ ಅಂಚನ್ನು ತಿರುಗಿಸಿ ನೋಡಿ. ದಪ್ಪ ಬಿಲ್ಲೆಯ 1794ರ ಸೆಂಟ್‌ಗಳ ಅಂಚಿನಲ್ಲಿ ‘ಒಂದು ಡಾಲರಿಗೆ ನೂರು’ ಎಂಬರ್ಥದ ಇಂಗ್ಲಿಷ್ ಬರಹವಿರುತ್ತದೆ. ಬಿಲ್ಲೆ ತೆಳುವಾದ ಮೇಲೆ ಆ ಬರಹ ಮರೆಯಾಯಿತು.

ಮುಂದಿನದು ಹಿಂಬದಿಯ ಚಿತ್ರ, ಸಂಗ್ರಾಹಕರು ಮನಸೋಲುವುದೂ ಇಲ್ಲಿಯೇ. 1793ರ ಮೊದಲ 36,103 ಸೆಂಟ್‌ಗಳ ಮೇಲೆ ಅಂದಿನ ಹದಿನೈದು ರಾಜ್ಯಗಳ ಒಗ್ಗಟ್ಟನ್ನು ಸೂಚಿಸಲು ಹದಿನೈದು ಕೊಂಡಿಗಳ ಸರಪಳಿಯನ್ನು ಕೆತ್ತಿದ್ದರು. ಒಂದು ಬದಿಗೆ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಗೆ ಸಂಕೋಲೆ! ಟೀಕೆಗಳು ಬಂದವು, ಕೆಲವೇ ವಾರಗಳಲ್ಲಿ ಸರಪಳಿ ಹೋಗಿ ಎಲೆಗಳ ಹಾರ ಬಂತು. ಆ ಸರಪಳಿ ನಾಣ್ಯಗಳಲ್ಲೂ ಮೊದಲನೆಯ ಅಚ್ಚಿನವುಗಳಲ್ಲಿ ದೇಶದ ಹೆಸರು ಪೂರ್ತಿಯಾಗಿರದೆ ‘ಅಮೆರಿ.’ ಎಂದಷ್ಟಕ್ಕೇ ನಿಂತಿದೆ.

ಮೇಲ್ಮೈಯನ್ನು ಓರೆ ಬೆಳಕಿನಲ್ಲಿ ಪರೀಕ್ಷಿಸಿ. ದೇವರ ಮನೆಯ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗುವ ನಮಗೆ ಹೊಳಪೇ ಚೆಂದ ಎನಿಸುತ್ತದೆ. ಇಲ್ಲಿ ಮಾತ್ರ ಎರಡು ಶತಮಾನಗಳ ಕಂದುಬಣ್ಣಕ್ಕೇ ಬೆಲೆ, ತಿಕ್ಕಿ ತೊಳೆದದ್ದಕ್ಕಲ್ಲ. ನಾಣ್ಯ ಸಂಗ್ರಾಹಕ ವಿಲಿಯಂ ಶೆಲ್ಡನ್ 1949ರಲ್ಲಿ ಈ ಸೆಂಟ್‌ಗಳಿಗೆಂದೇ ರೂಪಿಸಿದ, 1ರಿಂದ 70ರವರೆಗಿನ ಗುಣಮಟ್ಟದ ಅಂಕಗಳನ್ನು ಇಂದು ಅಮೆರಿಕದ ಇತರ ನಾಣ್ಯಗಳಿಗೂ ಕೊಡುತ್ತಾರೆ.

ಈಗ ಇಸವಿ. 1799ರ ಸೆಂಟ್ ಬಹಳ ವಿರಳ, 1798ರದು ಸುಲಭವಾಗಿ ಸಿಗುವಂಥದ್ದು. ಹೀಗಾಗಿ ಎಂಟನ್ನು ಕೆರೆದು ಒಂಬತ್ತಾಗಿಸುವ ಕೈಚಳಕ ಹಳೆಯದು. ಭೂತಗನ್ನಡಿಯಲ್ಲಿ ಕೊನೆಯ ಅಂಕಿಯ ಆಕಾರವನ್ನು ಅಸಲಿ ನಾಣ್ಯದ ಚಿತ್ರದೊಂದಿಗೆ ಹೋಲಿಸಿ; ಅದರ ಸುತ್ತ ಗೀರುಗಳಿದ್ದರೆ, ಇಲ್ಲವೇ ಅಲ್ಲಿನ ತಾಮ್ರದ ಬಣ್ಣ ಮಾತ್ರ ಬೇರೆಯಾಗಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ನಾಣ್ಯವನ್ನು ಮಾರುವವರ ಕೈಗೇ ಮರಳಿಸಿ.