ಕಾಫಿ ಕುಯ್ಲಿನ ನಡುವೆ ಒಂದು ಕ್ಲಿನಿಕಲ್ ಟ್ರಯಲ್: ನನ್ನ ಅನುಭವ

ಗರ್ಭಕೊರಳಿನ ಕ್ಯಾನ್ಸರ್ ಕುರಿತು ಹಲವು ದೇಶಗಳು ಕೂಡಿ ನಡೆಸಿದ ಒಂದು ಟ್ರಯಲ್‌ನಲ್ಲಿ (ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನದಲ್ಲಿ) ಕೊಡಗಿನ ಮಹಿಳೆಯರ ಒಪ್ಪಿಗೆ ಮತ್ತು ಮರುತಪಾಸಣೆಯ ಹೊಣೆ ನನ್ನದಾಗಿತ್ತು. ಚಿಕಿತ್ಸೆ ನಡೆಯುತ್ತಿದ್ದುದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಲ್ಲಿ. ಇಷ್ಟು ದೂರದವರನ್ನೂ ಏಕೆ ಸೇರಿಸಿಕೊಳ್ಳಬೇಕೆಂದು ಕೇಳುವವರಿಗೆ ನಾನು ಇಂಟರ್‌ಲೇಸ್ ಅಧ್ಯಯನದ ಉದಾಹರಣೆ ಕೊಡುತ್ತೇನೆ. ಕೀಮೋ-ರೇಡಿಯೇಷನ್‌ಗೆ (ಕೀಮೋ ಔಷಧಿ ಮತ್ತು ವಿಕಿರಣ ಒಟ್ಟಿಗೆ ಕೊಡುವ ಚಿಕಿತ್ಸೆಗೆ) ಮೊದಲು ಆರು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ. 72ರಿಂದ 80ಕ್ಕೆ ಏರುತ್ತದೆಂದು 2024ರಲ್ಲಿ ತಿಳಿಸಿದ ಆ ಅಧ್ಯಯನಕ್ಕೆ 500 ಮಹಿಳೆಯರನ್ನು ಸೇರಿಸಲು ಬ್ರಿಟನ್, ಭಾರತ, ಮೆಕ್ಸಿಕೊ, ಇಟಲಿ, ಬ್ರೆಜಿಲ್ ಜೊತೆಗೂಡಿದರೂ ಹತ್ತು ವರ್ಷ ಹಿಡಿಯಿತು.

ನನ್ನ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಒಪ್ಪಿಗೆ. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ನಿಷ್ಪಕ್ಷಪಾತ ಸಾಕ್ಷಿ ಇರಲೇಬೇಕು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಮೊದಲು ಮುಂದೆ ಬರುವವರು ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿ. ನಿಯಮದ ಪ್ರಕಾರ ಅವರು ಸಾಕ್ಷಿಯಾಗಬಹುದೇನೋ, ಆದರೆ ಕೂಲಿ ಬಟವಾಡೆ ಮಾಡುವವರ ಎದುರು, ಅದರಲ್ಲೂ ಮನೆಯವರು ಮುಂಗಡ ಪಡೆದಿರುವಾಗ, ಯಾವ ಹೆಂಗಸು ‘ಬೇಡ’ ಎಂದಾಳು? ಆದ್ದರಿಂದ ಅವಳೇ ಆರಿಸಿದ ಅಂಗನವಾಡಿ ಶಿಕ್ಷಕಿಯನ್ನೋ ನೆರೆಯವರನ್ನೋ ಕರೆಸಿ, ಅವಳಿಗೆ ಒಗ್ಗುವ ಮಾತಿನಲ್ಲಿ ವಿವರಿಸಿ, ಸಹಿಯನ್ನು ಇನ್ನೊಂದು ದಿನಕ್ಕೆ ಮುಂದೂಡುತ್ತಿದ್ದೆ. ಇದರಿಂದ ಸೇರ್ಪಡೆ ನಿಧಾನವಾಯಿತೆಂಬ ಆಕ್ಷೇಪಕ್ಕೆ ನಾನು ಬೆಲೆ ಕೊಡಲಿಲ್ಲ.

ಮೂರು ತಿಂಗಳಿಗೊಮ್ಮೆ ಬರುವ ಮರುತಪಾಸಣೆ ಕುಯ್ಲಿನ ಕಾಲಕ್ಕೆ ಬಿದ್ದರೆ ಪ್ರಯಾಣ ವೆಚ್ಚ ಕೊಟ್ಟರಷ್ಟೇ ಸಾಲದು, ಏಕೆಂದರೆ ವರ್ಷದಲ್ಲಿ ಹೆಚ್ಚು ಸಂಪಾದನೆಯಾಗುವುದು ಆಗಲೇ. ಕಳೆದುಕೊಂಡ ಕೂಲಿಯನ್ನು ತುಂಬಿಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅವಕಾಶ ನೀಡುವುದರಿಂದ, ಪ್ರಾಯೋಜಕರನ್ನು ಒಪ್ಪಿಸಿ, ಎಥಿಕ್ಸ್ ಕಮಿಟಿಯ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯ) ಅನುಮತಿ ಪಡೆದು ಅದನ್ನು ಬಜೆಟ್‌ಗೆ ಸೇರಿಸಿದೆವು. ಎಲ್ಲ ದೇಶಗಳಿಗೂ ಪ್ರೋಟೋಕಾಲ್ (ಟ್ರಯಲ್ ನಡೆಸುವ ಲಿಖಿತ ಕ್ರಮ) ಒಂದೇ ಆಗಿದ್ದರೂ ಇಂಥ ವೆಚ್ಚಗಳನ್ನು ಆಯಾ ಕೇಂದ್ರವೇ ಕೇಳಿ ಪಡೆಯಬೇಕು.

ಇನ್ನು ಅಡ್ಡಪರಿಣಾಮಗಳ ವಿಷಯ. ಜ್ವರವೆಂದು ಗೋಣಿಕೊಪ್ಪಲಿನಲ್ಲೋ ಕುಶಾಲನಗರದಲ್ಲೋ ಅಡ್ಮಿಟ್ ಆದರೂ ಟ್ರಯಲ್‌ನ ಲೆಕ್ಕದಲ್ಲಿ ಅದು ‘ಗಂಭೀರ ಪ್ರತಿಕೂಲ ಘಟನೆ’ಯೇ, ವಿಷಯ ತಿಳಿದ 24 ಗಂಟೆಯೊಳಗೆ ವರದಿ ಹೋಗಬೇಕು. ಹೀಗಾಗಿ ಪ್ರತಿಯೊಬ್ಬರಿಗೂ ಔಷಧಿಗಳ ಹೆಸರು ಮತ್ತು ನಮ್ಮ ಫೋನ್ ನಂಬರ್ ಇರುವ ಕಾರ್ಡ್ ಕೊಟ್ಟು, ಹತ್ತಿರದ ಆಸ್ಪತ್ರೆಗಳ ವೈದ್ಯರಿಗೂ ಮೊದಲೇ ತಿಳಿಸಿಟ್ಟಿದ್ದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ, ಆ ತಿಂಗಳುಗಳಲ್ಲಿ ಚಿಕಿತ್ಸೆಯಲ್ಲಿದ್ದವರಿಗೆ ಮೈಸೂರಿನಲ್ಲೇ ವಸತಿ ಏರ್ಪಡಿಸಿದೆವು.