ಚೆಕ್ ರೋಲಿನಲ್ಲಿ ಸಿನಿಮಾ ಹಾಜರಿ

ಆಲ್ದೂರಿನಿಂದ ಒಳಗಿರುವ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಸಿನಿಮಾ ನೋಡುವ ಚಟ ಹೈಸ್ಕೂಲಿನಿಂದಲೂ ಇದೆ. ಅದಕ್ಕಿಂತ ಕೆಟ್ಟ ಚಟ, ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳಿ ‘ನೀವೂ ನೋಡಿ’ ಅಂತ ಗಂಟು ಬೀಳುವುದು. ಈ ಚಟ ಒಮ್ಮೆ ನನ್ನ ಮರ್ಯಾದೆ ತೆಗೆದಿದೆ. ಅಲ್ಲಿಂದಲೇ ಶುರು ಮಾಡ್ತೀನಿ.

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2016ರಲ್ಲಿ ಥಿಯೇಟರಿಗೆ ಬಂದಾಗ ನೋಡಲಾಗಿರಲಿಲ್ಲ. ಕೆಲವು ವರ್ಷ ಬಿಟ್ಟು ಮೊಬೈಲಿನಲ್ಲಿ ನೋಡಿ ತಲೆ ಕೆಟ್ಟಂತಾಯಿತು. ಮಂಡ್ಯದ ಕಡೆ ಹಳ್ಳಿ, ಹಿಂದೆ ಯಾವತ್ತೂ ಕ್ಯಾಮೆರಾ ಮುಂದೆ ನಿಲ್ಲದ ಊರ ಜನರೇ ಪಾತ್ರಧಾರಿಗಳು, ಮೇಲಿಂದ ಲೊಕಾರ್ನೋ ಚಿತ್ರೋತ್ಸವದಲ್ಲಿ ಬಹುಮಾನ. ಬೇಲೂರು ಕಡೆ ಇರುವ ಮಾವನಿಗೆ ಫೋನ್ ಮಾಡಿ, ‘ಮಾವ, ತಿಥಿ ಅಂತ ಒಂದು ಪಿಕ್ಚರ್ ಇದೆ, ಮನೇವ್ರೆಲ್ಲ ಕೂತು ನೋಡಿ’ ಅಂದುಬಿಟ್ಟೆ. ಅವರು ಆಗ ಮರೆತರು. ನೆನಪಾಗಿದ್ದು ಅವರ ದೊಡ್ಡಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದ ರಾತ್ರಿ, ಮನೆ ತುಂಬ ನೆಂಟರಿರುವಾಗ. ಹೆಸರು ಕೇಳಿದರೆ ಕರ್ಮಾಂತರದ ವಿಷಯ ಇರಬೇಕು, ಸಂದರ್ಭಕ್ಕೂ ಸರಿಹೋಗುತ್ತೆ ಅಂದುಕೊಂಡು ಟಿವಿಗೆ ಹಾಕಿದ್ದಾರೆ.

ಆ ಸಿನಿಮಾ ಶುರುವಾಗುವುದೇ ರಸ್ತೆ ಬದಿ ಕೂತ ನೂರು ದಾಟಿದ ಮುದುಕ ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುವುದರಿಂದ. ಅತ್ತೆ ‘ಹಾಲು ಉಕ್ಕುತ್ತೆ’ ಅಂತ ಎದ್ದು ಹೋದರಂತೆ. ಒಲೆ ಮೇಲೆ ಹಾಲೇ ಇರಲಿಲ್ಲ. ಮಾರನೆ ದಿನ ಮಾವನ ಫೋನು: ‘ಅಳಿಯಂದ್ರೇ, ಬೀಗರು ನೆಂಟರ ಮುಂದೆ ಇದೇನ್ರೀ ನೋಡಿಸಿದ್ರಿ?’

ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೆಂಡತಿಯಿಂದ ತಿಳಿದದ್ದು ಇಷ್ಟು: ಎಲ್ಲರೂ ಮಲಗಿದ ಮೇಲೆ ಮಾವ ಸದ್ದು ಕಡಿಮೆ ಮಾಡಿಕೊಂಡು ಕೊನೆವರೆಗೂ ನೋಡಿದ್ದಾರೆ. ಕಾರಣ ಬೈಗುಳವೂ ಅಲ್ಲ, ಆ ಮುದುಕನ ಮಗ ಗಡ್ಡಪ್ಪನೂ ಅಲ್ಲ. ಸಿನಿಮಾದಲ್ಲಿ ಸತ್ತ ಅಜ್ಜನ ಹೆಸರಿನಲ್ಲಿರುವ ಜಮೀನು ಮಾರಲು ಮೊಮ್ಮಗ ತಮ್ಮಣ್ಣ, ಬದುಕಿರುವ ಅಪ್ಪನನ್ನೇ ಸತ್ತಿದ್ದಾನೆ ಅಂತ ದಾಖಲೆ ಮಾಡಿಸಲು ಓಡಾಡುತ್ತಾನೆ. ನಮ್ಮ ಮಾವನ ಗದ್ದೆಯ ಖಾತೆಯೂ ಇನ್ನೂ ಅವರ ಅಜ್ಜನ ಹೆಸರಿನಲ್ಲೇ ಇದೆ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಅಂತ ಅಲೆದಲೆದು ಚಪ್ಪಲಿ ಸವೆಸಿದವರು ಅವರು. ಅವರಿಗೆ ಅದು ಕಾಮಿಡಿ ಆಗಿರಲಿಲ್ಲ.

ಆವತ್ತಿನಿಂದ ‘ಹೇಗಿತ್ತು?’ ಅಂತ ಕೇಳುವುದನ್ನು ಬಿಟ್ಟೆ. ಅದಕ್ಕೆ ಎಲ್ಲರ ಹತ್ತಿರವೂ ಒಂದೇ ಉತ್ತರ ಇರುತ್ತೆ, ‘ಪರವಾಗಿಲ್ಲ’. ಈಗ ಕೇಳುವುದು ಒಂದೇ: ‘ಎಲ್ಲಿ ಎದ್ರಿ?’

ಆಫೀಸಿನಲ್ಲಿ ಒಂದು ಹಳೇ ಚೆಕ್ ರೋಲ್ ಬುಕ್, ಅಂದರೆ ಆಳುಗಳ ಹಾಜರಿ ಪುಸ್ತಕ, ಅರ್ಧಕ್ಕೆ ಖಾಲಿ ಬಿದ್ದಿತ್ತು. ಎಡಗಡೆ ಆಳುಗಳ ಹೆಸರು ಬರೆಯುವಲ್ಲಿ ಸಿನಿಮಾ ಹೆಸರು, ಮೇಲೆ ತಾರೀಖಿನ ಜಾಗದಲ್ಲಿ ನಮ್ಮ ಐದು ಜನ: ನಾನು, ಹೆಂಡತಿ, ತೋಟದ ಜೀಪ್ ಡ್ರೈವರಣ್ಣ, ಪಕ್ಕದೂರಿನ ರಿಟೈರ್ಡ್ ಮೇಷ್ಟ್ರು, ಮೆಡಿಕಲ್ ಶಾಪಿನ ಹುಡುಗ. ಪೂರ್ತಿ ನೋಡಿದರೆ ಒಂದು, ನಡುವೆ ಎದ್ದರೆ ಅರ್ಧ, ನೋಡದಿದ್ದರೆ ಗೈರು. ಸ್ಟಾರ್ ಗೀರ್ ಏನೂ ಇಲ್ಲ. ವಾರದ ರಜಾ ದಿನ ಸಂತೆ ಮುಗಿಸಿಕೊಂಡು ಸಂಜೆ ನಮ್ಮ ಕ್ವಾರ್ಟರ್ಸ್ ಜಗಲಿಗೆ ಬರುತ್ತಾರೆ, ಕಾಫಿ ಕುಡಿಯುತ್ತಾ ಹಾಜರಿ ಹಾಕುತ್ತೇವೆ. ಒಮ್ಮೆ ಧಣಿಗಳು ಆಫೀಸಿಗೆ ಬಂದವರು ಆ ಪುಸ್ತಕ ತಿರುವಿ ಹಾಕಿ, ‘ರೈಟ್ರೇ, ಈ ಬ್ಲಿಂಕ್ ಅಂದ್ರೆ ಯಾರು, ಅಸ್ಸಾಮಿನವನಾ?’ ಅಂತ ಕೇಳಿದರು. ವಿವರಿಸುವಷ್ಟರಲ್ಲಿ ಬೆವರಿಳಿಯಿತು.

ಅರ್ಧ ಅಂದರೆ ಎಲ್ಲವೂ ಒಂದೇ ಅರ್ಧ ಅಲ್ಲ ಅನ್ನೋದು ಹೊಳೆದದ್ದು ‘ಶಾಖಾಹಾರಿ’ಯಿಂದ. 2024ರ ಫೆಬ್ರವರಿಯಲ್ಲಿ ಬಂದ ಸಿನಿಮಾ. ಆಗ ನಮ್ಮಲ್ಲಿ ರೊಬಸ್ಟಾ ಕೊಯ್ಲು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಥಿಯೇಟರಿನಿಂದ ಹೋದ ಮೇಲೆ ಮನೆಯಲ್ಲಿ ನೋಡಿದ್ದು. ತೀರ್ಥಹಳ್ಳಿ ಕಡೆ ಸಣ್ಣ ಸಸ್ಯಾಹಾರಿ ಹೋಟೆಲ್ ಇಟ್ಟುಕೊಂಡ ಸುಬ್ಬಣ್ಣ, ಪೊಲೀಸರು ಹುಡುಕುತ್ತಿರುವ ಗಾಯಾಳು ಒಬ್ಬ ಅವನ ಹೋಟೆಲ್ ಸೇರಿಕೊಳ್ಳುತ್ತಾನೆ. ರಂಗಾಯಣ ರಘು ಅಂದರೆ ಜೋರು ಬಾಯಿ ಅಂದುಕೊಂಡಿದ್ದವನಿಗೆ ಇಲ್ಲಿ ಆ ಮನುಷ್ಯ ಸುಮ್ಮನಿರುವುದನ್ನು ನೋಡಿಯೇ ಖುಷಿಯಾಯಿತು. ಹೆಂಡತಿ ಹೋಟೆಲ್ ಅಡಿಗೆಮನೆ ನೋಡುತ್ತ ಆರಾಮಾಗಿ ಕೂತಿದ್ದಳು, ರಕ್ತ ಕಂಡದ್ದೇ ಎದ್ದು ಒಳಗೆ ಹೋದಳು. ಅರ್ಧ ಬರೆದೆ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ಹಿಂದೆ ತಿರುಗದೆ, ‘ಆಮೇಲೆ ಆ ಸುಬ್ಬಣ್ಣ ಏನ್ ಮಾಡ್ದ?’ ಅಂದಳು. ಪುಸ್ತಕ ತೆಗೆದು ಅರ್ಧದ ಪಕ್ಕ ಒಂದು ಚುಕ್ಕಿ ಇಟ್ಟೆ. ಎದ್ದು ಹೋಗಿಯೂ ‘ಆಮೇಲೇನಾಯ್ತು’ ಅಂತ ಕೇಳಿದವರಿಗೆ ಚುಕ್ಕಿ. ಕೇಳದೆ ಇದ್ದವರಿಗೆ ಬರೀ ಅರ್ಧ. ಈಗ ಯಾರಿಗಾದರೂ ಸಿನಿಮಾ ಹೇಳಬೇಕಾದರೆ ನಾನು ಮೊದಲು ನೋಡುವುದು ಚುಕ್ಕಿಗಳನ್ನೇ. ಪೂರ್ತಿ ಹಾಜರಿಗಿಂತ ಅದರ ಮೇಲೆ ನನಗೆ ನಂಬಿಕೆ ಜಾಸ್ತಿ, ಯಾಕೆಂದರೆ ನಮ್ಮ ಮೆಡಿಕಲ್ ಹುಡುಗ ಮೊಬೈಲ್ ಒತ್ತುತ್ತಾ ಕೂತೇ ಪೂರ್ತಿ ಹಾಜರಿ ಗಿಟ್ಟಿಸುವ ಆಸಾಮಿ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತಲ್ಲ, ಅದಕ್ಕೆ ನಾನೂ ಮೇಷ್ಟ್ರೂ ಬಣ್ಣ, ಸಮುದ್ರ, ಹಾಡು ಅಂತ ಕವಿಗಳಂತೆ ಮಾತಾಡುತ್ತಿದ್ದೆವು. ಡ್ರೈವರಣ್ಣ ಮೊದಲ ಭಾಗದಲ್ಲೇ ಎದ್ದಿದ್ದ. ಎಲ್ಲಿ ಅಂದರೆ, ಡ್ರೈವರ್ ಮನು ಧಣಿ ಮಗನ ಆಕ್ಸಿಡೆಂಟ್ ಕೇಸನ್ನು ದುಡ್ಡಿಗಾಗಿ ತನ್ನ ಮೇಲೆ ಹಾಕಿಕೊಳ್ಳಲು ಒಪ್ಪುತ್ತಾನಲ್ಲ, ಅಲ್ಲಿ.

‘ಯಾಕಣ್ಣಾ, ಬೋರಾಯ್ತಾ?’

‘ಬೋರಲ್ಲ ರೈಟ್ರೇ. ಬಾಯ್ ಮಾತಲ್ಲಿ ಒಪ್ಕೊಂಡ್ನಲ್ಲ ಮಾರಾಯ. ಒಂದು ಪೇಪರ್ ಮೇಲೆ ಬರೆಸ್ಕೋಬೇಕೋ ಬ್ಯಾಡ್ವೋ? ಸಿಟ್ಟು ಬಂತು, ಎದ್ದೆ.’

ಇಪ್ಪತ್ತೆರಡು ವರ್ಷ ಬೇರೆಯವರ ಜೀಪ್ ಓಡಿಸಿದವನ ಸಿಟ್ಟು ಅದು. ಆ ಮಾತು ಕೇಳಿದ ಮೇಲೆ ನಾನು ಮತ್ತೊಮ್ಮೆ ನೋಡಿದೆ, ಸಮುದ್ರ ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ಅವನ ಸಾಲಿನಲ್ಲಿ ಅರ್ಧ, ಚುಕ್ಕಿ. ಎರಡನೇ ಭಾಗ ಅವನಾಗೇ ಕೇಳಿ ಹಾಕಿಸಿಕೊಂಡು ನೋಡಿದ.

ಇದಕ್ಕೆ ಉಲ್ಟಾ ‘ಸು ಫ್ರಮ್ ಸೋ’. 2025ರ ಜುಲೈ ಕೊನೆ, ಮಳೆ ಹೊಡೆಯುತ್ತಿತ್ತು, ತೋಟದಲ್ಲಿ ಕೆಲಸ ನಿಂತಿತ್ತು. ನೋಡಿದವರೆಲ್ಲ ಹೇಳಿ ಹೇಳಿಯೇ ಓಡಿದ ಸಿನಿಮಾ ಅದು. ಜೀಪಿನಲ್ಲಿ ಐದೂ ಜನ ಚಿಕ್ಕಮಗಳೂರಿಗೆ ಮ್ಯಾಟಿನಿಗೆ ಹೋದೆವು. ಮ್ಯಾಟಿನಿಯೇ ಯಾಕೆ ಅಂದರೆ, ಕತ್ತಲಾದ ಮೇಲೆ ನಮ್ಮ ರಸ್ತೆಯಲ್ಲಿ ಆನೆ. ಸೆಕೆಂಡ್ ಶೋ ನೋಡಿ ಬಂದು ಆನೆಗೆ ಕತೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಸುಲೋಚನಾ ಮೈಮೇಲೆ ಬಂದಳು ಅಂತ ಅಶೋಕ ಸಿಕ್ಕಿಹಾಕಿಕೊಳ್ಳುವಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಐದೂ ಜನಕ್ಕೆ ಪೂರ್ತಿ ಹಾಜರಿ. ಆದರೆ ಆ ವಾರದ ಜಗಲಿ ಮಾತು ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಎಲ್ಲರೂ ನಕ್ಕಾಗಿತ್ತು, ಇನ್ನೇನು ಹೇಳುವುದು? ಮಳೆ ನೋಡುತ್ತ ಕೂತೆವು.

ಮಳೆಗಾಲದಲ್ಲಿ ಸಿನಿಮಾ ನೋಡುವುದಾದರೆ ಒಂದು ಮಾತು. ನಮ್ಮ ಕಡೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಟವರೂ ಅದರ ಹಿಂದೆಯೇ ಸಾಯುತ್ತೆ. ಪೇಟೆಗೆ ಹೋದಾಗಲೇ ಎರಡು ಸಿನಿಮಾ ಮೊಬೈಲಿಗೆ ಇಳಿಸಿಕೊಂಡು ಬರುತ್ತೇನೆ. ಹೇಳುವ ಸಿನಿಮಾ ಎರಡಕ್ಕಿಂತ ಹೆಚ್ಚಿರಬಾರದು ಅನ್ನುವುದೂ ಇದರಿಂದಲೇ ಬಂದ ಅಭ್ಯಾಸ. ಹತ್ತು ಹೆಸರಿನ ಪಟ್ಟಿ ಕೊಟ್ಟವರ ಮನೆಯಲ್ಲಿ ಯಾರೂ ಒಂದನ್ನೂ ನೋಡಿದ್ದನ್ನು ನಾನು ಕಂಡಿಲ್ಲ.

ಕಳೆದ ತಿಂಗಳು ಮೇಷ್ಟ್ರ ಸರದಿ. ಅವರು ಹೇಳಿದ್ದು 1970ರ ‘ಸಂಸ್ಕಾರ’. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದದ್ದು, ಕ್ಯಾಮೆರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕೋವನ್, ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟಿತು ಅಂತ ಮೇಷ್ಟ್ರು ಪಾಠ ಶುರು ಮಾಡಿದರು. ಹುಡುಗ ಆಕಳಿಸಿದ. ಕಪ್ಪು ಬಿಳುಪು, ಅಗ್ರಹಾರ, ಸಂಸ್ಕೃತ ಅಂದ ಮೇಲೆ ಡ್ರೈವರಣ್ಣ ಹತ್ತು ನಿಮಿಷಕ್ಕೆ ಎದ್ದು ಜೀಪ್ ಒರೆಸಲು ಹೋಗುತ್ತಾನೆ ಅಂತ ನಾನು ಮೊದಲೇ ಅರ್ಧ ಬರೆದಿಟ್ಟಿದ್ದೆ. ನಮ್ಮ ಮನೆ ಟಿವಿಯಲ್ಲೇ ಹಾಕಿದೆವು. ನಾರಣಪ್ಪ ಸತ್ತ, ಸಂಸ್ಕಾರ ಮಾಡುವವರು ಯಾರು ಅಂತ ಜಗಳ ಹತ್ತಿತು. ಹುಡುಗ ಎದ್ದ. ನಡುವೆ ಕರೆಂಟ್ ಹೋಯಿತು, ನನ್ನ ಹೆಂಡತಿ ಎದ್ದಳು. ಡ್ರೈವರಣ್ಣ ಮಾತ್ರ ಕತ್ತಲಲ್ಲಿ ಕದಲದೆ ಕೂತಿದ್ದ. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂತು, ಕೊನೆವರೆಗೂ ನೋಡಿದ.

‘ನೀನು ಏಳ್ತೀಯ ಅಂತಿದ್ನಲ್ಲೋ’ ಅಂದೆ.

‘ಹೆಂಗ್ ಏಳದು ರೈಟ್ರೇ,’ ಅಂದ, ‘ಹೆಣ ಇನ್ನೂ ಮನೇಲೇ ಇತ್ತಲ್ಲ.’

ಅರ್ಧ ಹೊಡೆದುಹಾಕಿ ಒಂದು ಬರೆದೆ. ಹೆಂಡತಿಯ ಅರ್ಧದ ಪಕ್ಕದ ಜಾಗ ಇನ್ನೂ ಖಾಲಿ ಇದೆ. ಮೂರು ವಾರವಾಯಿತು, ಅವಳು ಏನೂ ಕೇಳಿಲ್ಲ.